ಒದ್ದು ಕಣ್ಣಿಗೊತ್ತಿಕೊಂಡವನು

ಕಳೆದ ವಾರ ಸ್ಯಾನ್ ರಮೋನ್‌ನ ಗ್ರೋಸರಿ ಅಂಗಡಿಯಲ್ಲಿ ಬಿಲ್ಲಿನ ಸಾಲಿನಲ್ಲಿ ನಿಂತಿದ್ದಾಗ ನನ್ನ ಬೂಟು ಮುಂದಿದ್ದ ಹೆಂಗಸಿನ ಬೂಟಿಗೆ ತಗುಲಿತು. ‘ಸಾರಿ’ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ನನ್ನ ಸೊಂಟ ತಾನಾಗಿ ಬಗ್ಗಿತು, ಕೈ ತಾನಾಗಿ ಆಕೆಯ ತೋಳನ್ನು ಮುಟ್ಟಿತು, ಮುಟ್ಟಿದ ಕೈ ತಾನಾಗಿ ನನ್ನ ಎರಡು ಕಣ್ಣುಗಳಿಗೂ ಹೋಗಿ ಬಂತು. ಆಕೆ ಮೊದಲು ಪರ್ಸನ್ನು ಎದೆಗವಚಿಕೊಂಡಳು. ಆಮೇಲೆ, ಪಾಪ, ನನ್ನ ಕಣ್ಣಿಗೆ ಏನೋ ಬಿದ್ದಿದೆ ಎಂದುಕೊಂಡು ಒಂದು ಟಿಶ್ಯೂ ಕೊಟ್ಟಳು. ನಾನು ಅದರಿಂದ ಕಣ್ಣು ಒರೆಸಿಕೊಂಡೆ. ಇನ್ನೇನು ಮಾಡಲಿ?

“ರೀ, ನಿಮ್ಮ ಕೈ ಸುಮ್ಮಕ ಇರಂಗಿಲ್ಲಲ್ರೀ,” ಎಂದಳು ಪಕ್ಕದಲ್ಲಿದ್ದ ಹೆಂಡತಿ ಶೈಲಾ. “ಒಂದಿನ ಪೊಲೀಸ್ರು ಎಳಕೊಂಡು ಹೋಗ್ತಾರ ನೋಡ್ರಿ. ನಾ ಅಂತೂ ಬಿಡಸ್ಕೊಂಡು ಬರಾಕ ಬರೂದಿಲ್ಲ.”

ಏನು ಮಾಡಲಿ ಹೇಳಿ, ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಇದು ಉಸಿರಾಟದ ಹಾಗಿತ್ತು. ಕಾಲು ಮನುಷ್ಯರಿಗೆ ತಗುಲಿದರೆ ಸರಿಯೇ ಸರಿ; ಪುಸ್ತಕಕ್ಕೆ ತಗುಲಿದರೆ, ಪಾಟೀಚೀಲಕ್ಕೆ ತಗುಲಿದರೆ, ಜೋಳದ ಚೀಲಕ್ಕೆ, ಕಸಬರಿಗೆಗೆ, ಅಣ್ಣನ ಹಾರ್ಮೋನಿಯಂಗೆ ತಗುಲಿದರೆ, ಎಲ್ಲಕ್ಕೂ ಒಂದೇ ಶಾಸ್ತ್ರ. ಅವ್ವ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಾ ಕೂತವಳು, ಆ ಸದ್ದಿನೊಳಗೂ, ಹೊರಗೆ ಪಡಸಾಲೆಯಲ್ಲಿ ನನ್ನ ಕಾಲು ಯಾವುದಕ್ಕೆ ತಗುಲಿತು ಎಂದು ಹೇಳಬಲ್ಲವಳಾಗಿದ್ದಳು. “ಪ್ರಹ್ಲಾದಾ, ಮುಟ್ಟಿ ನಮಸ್ಕಾರ ಮಾಡೋ ಭಾಡ್ಯಾ!” ಎಂದು ಅಲ್ಲಿಂದಲೇ ಕೂಗು. ಶಾಲೆಯ ಫುಟ್‌ಬಾಲ್ ತಂಡದಿಂದ ನನ್ನನ್ನು ತೆಗೆದುಹಾಕಿದ್ದೂ ಇದಕ್ಕೇ. ಎದುರಿನವನ ಕಾಲಿಗೆ ನನ್ನ ಕಾಲು ಬಡಿಯುವುದು, ನಾನು ಬಗ್ಗಿ ಅವನ ಮೊಣಕಾಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು, ಅಷ್ಟರಲ್ಲಿ ಅವನು ಹೋಗಿ ಗೋಲು ಹೊಡೆದು ಬರುವುದು. ನಮ್ಮ ಪಿ.ಟಿ. ಮಾಸ್ತರರು ತಲೆ ಚಚ್ಚಿಕೊಂಡು, “ಲೇ, ಪೂಜಾ ಆಮ್ಯಾಲೆ ಮಾಡಲೇ, ಮದ್ಲ ಚೆಂಡ ಹಿಡೀಲೇ!” ಎನ್ನುತ್ತಿದ್ದರು.

ಅಮೆರಿಕಕ್ಕೆ ಬಂದಮೇಲೆ ಈ ಚಟ ಬಿಟ್ಟುಹೋಗುತ್ತದೆ ಎಂದುಕೊಂಡಿದ್ದೆ. ಇಲ್ಲಿಯೋ, ದಿನಾ ಬಾಗಿಲ ಬಳಿ ಜಾಹೀರಾತು ಕಾಗದದ ರಾಶಿ ಕಾಲಿಗೆ ತಗುಲುವಂತೆ ಬಿದ್ದಿರುತ್ತದೆ. ಪಿಜ್ಜಾ ಅಂಗಡಿಯವನ ಕೂಪನ್ನು, ಕಾರ್ಪೆಟ್ ತೊಳೆಯುವವನ ಕೂಪನ್ನು. ಎಲ್ಲವೂ ಸರಸ್ವತಿಯೇ ಎಂದು ಒಂದೊಂದನ್ನೇ ಕಣ್ಣಿಗೊತ್ತಿಕೊಂಡು, ಆಮೇಲೆ ಒಟ್ಟಿಗೆ ಕಸದ ಬುಟ್ಟಿಗೆ ಹಾಕುತ್ತೇನೆ. ಇರಲಿ. ನಾನು ಹೇಳಹೊರಟದ್ದು ಬೇರೆ. ಈ ನನ್ನ ಚಟ ಒಂದು ಕಾಲದಲ್ಲಿ ಆರ್ಕೇಡಿನ, ಅಂದರೆ ಚಿಲ್ಲರೆ ಹಾಕಿ ವಿಡಿಯೋ ಗೇಮ್ ಆಡುವ ಅಂಗಡಿಯ, ಪೆಟ್ಟಿಗೆಯೊಳಗೆ ಹೋಗಿ ಕೂತು, ಗುರುತು ಪರಿಚಯವಿಲ್ಲದ ಅಮೆರಿಕದ ಹುಡುಗರಿಂದ ಒದೆ ತಿಂದಿತ್ತು ಎಂದರೆ ನೀವು ನಂಬಲಿಕ್ಕಿಲ್ಲ. ನಮ್ಮ ಮಗಳೂ ನಂಬುವುದಿಲ್ಲ. “ಓಕೆ ಡ್ಯಾಡ್” ಎಂದು ಹೇಳಿ ಎದ್ದುಹೋಗುತ್ತಾಳೆ.

ಆಗ ಡಾಟ್‌ಕಾಮ್ ಕಾಲ. ಬೇ ಏರಿಯಾದಲ್ಲಿ ಮನುಷ್ಯ ಮನುಷ್ಯನನ್ನು ಕಂಡಾಗ ‘ಆರಾಮ ಇದ್ದೀರಾ’ ಎಂದು ಕೇಳುವ ಬದಲು ‘ಐಪಿಒ ಯಾವಾಗ’ ಎಂದು ಕೇಳುತ್ತಿದ್ದ ಕಾಲ. ಲಿವರ್‌ಮೋರ್ ದೇವಸ್ಥಾನದಲ್ಲಿ ಪ್ರಸಾದಕ್ಕೆ ನಿಂತರೆ ಅಲ್ಲಿಯೂ ಅದೇ. ಒಮ್ಮೆ ಬೆಂಗಳೂರಿನವರೊಬ್ಬರು, ಕೈಯಲ್ಲಿ ಪುಳಿಯೋಗರೆಯ ತಟ್ಟೆ, ಜೇಬಿನಲ್ಲಿ ಎರಡು ಪೇಜರು, ನನ್ನನ್ನು ವಿಚಾರಿಸಿಕೊಂಡರು.

“ಎಲ್ಲಿ ಸಾರ್ ಕೆಲ್ಸ?”

“ಹೇವರ್ಡಿನಾಗ ಒಂದು ಸಣ್ಣ ಕಂಪನಿ ರೀ.”

“ಸ್ಟಾರ್ಟಪ್ಪಾ? ಐಪಿಒ ಯಾವಾಗ?”

“ಅದೆಲ್ಲಾ ಇಲ್ರೀ. ನಾವು ಪೆಟಿಗಿ ಮಾಡ್ತೀವಿ.”

“ಓ, ಸರ್ವರ್ ಬಾಕ್ಸು!”

“ಅಲ್ರೀ, ಕಟಗೀ ಪೆಟಿಗಿ. ಚಿಲ್ರಿ ಹಾಕಿದ್ರ ಒಳಗಿನವ್ರು ಬಡದಾಡ್ತಾರ.”

ಅವರು ನನ್ನ ಮುಖವನ್ನೂ ನನ್ನ ತಟ್ಟೆಯನ್ನೂ ಒಮ್ಮೆ ನೋಡಿ, ಮೊಸರನ್ನ ಎಲ್ಲಿ ಕೊಡುತ್ತಿದ್ದಾರೆಂದು ಹುಡುಕುತ್ತಾ ಹೋದರು. ಅವರ ತಪ್ಪೇನಿಲ್ಲ. ಮಾರಲು ಏನೂ ಇಲ್ಲದ ಕಂಪನಿಗಳು ಆಕಾಶಕ್ಕೆ ಏರುತ್ತಿದ್ದ ಆ ದಿನಗಳಲ್ಲಿ ನಮ್ಮ ಹತ್ತಿರ ಮಾರಲು ಒಂದು ವಸ್ತು ಇತ್ತು. ಮುಟ್ಟಿದರೆ ಕೈಗೆ ಸಿಗುವಂಥದ್ದು, ಎತ್ತಲು ನಾಲ್ಕು ಜನ ಬೇಕಾಗುವಂಥದ್ದು. ಇದಕ್ಕಿಂತ ನಾಚಿಕೆಗೇಡು ಇನ್ನೇನಿತ್ತು?

ಕಂಪನಿ ಎಂದರೆ ಹೇವರ್ಡಿನ ಒಂದು ಗೋದಾಮು. ಒಡೆಯ ಹ್ಯಾಂಕ್ ಎಂಬ ದಾಡಿಯ ಮನುಷ್ಯ. ಒಳ್ಳೆಯವನೇ. ಅವನ ಮೊದಲ ಆಟದಲ್ಲಿ ಊರೂರಿನ ಜಟ್ಟಿಗಳು ಬಂದು ಒಬ್ಬರನ್ನೊಬ್ಬರು ಹೊಡೆಯುತ್ತಿದ್ದರು. ಅದು ನಾಲ್ಕಾರು ಆರ್ಕೇಡುಗಳಲ್ಲಿ ಚೆನ್ನಾಗಿ ನಡೆದಿತ್ತು. ಆದ್ದರಿಂದ ಎರಡನೆಯದು ಬರಲೇಬೇಕು. ಎರಡನೆಯದಕ್ಕೆ ಕತೆ ಬೇಕಾಗಿಲ್ಲ. ಮೊದಲನೆಯದರ ಹೆಸರಿನ ಮುಂದೆ ‘ಎರಡು’ ಎಂದು ಹಾಕಿ, ಹೊಸ ಜಟ್ಟಿಗಳನ್ನು ಸೇರಿಸಿದರೆ ಸಾಕು. ಹೊಸಬರಲ್ಲಿ ಒಬ್ಬ ಇಂಡಿಯಾದವನಿರಲಿ ಎಂದು ಹ್ಯಾಂಕ್ ತೀರ್ಮಾನಿಸಿ, ತಾನೇ ಒಂದು ಚಿತ್ರ ಗೀಚಿ ಗೋಡೆಗೆ ಅಂಟಿಸಿದ. ಮುಂಡಾಸು, ಕೊರಳಲ್ಲಿ ಹಾವು, ಬಗಲಲ್ಲಿ ಹುಲಿ, ಕಾಲ ಕೆಳಗೆ ಹಾರುವ ಚಾಪೆ. ಆನೆಗೆ ಜಾಗ ಸಾಲಲಿಲ್ಲವೆಂದು ಕಾಣುತ್ತದೆ.

ಅದನ್ನು ನೋಡಿ ಎದ್ದುನಿಂತವನು ಇಮ್ತಿಯಾಜ್. ನಾನು ಪ್ರೋಗ್ರಾಂ ಬರೆಯುವವನು, ಅವನು ಚಿತ್ರ ಬರೆಯುವವನು. ಇಡೀ ಗೋದಾಮಿನಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ. ಅವನ ಅಬ್ಬಾ ಮೈಸೂರಿನಲ್ಲಿ ಒಂದು ಗರಡಿಮನೆಯ ಉಸ್ತಾದರು. ಮೂಲೆಯಲ್ಲಿ ಆಂಜನೇಯನ ಪಟ, ನಡುವೆ ಕೆಮ್ಮಣ್ಣಿನ ಅಖಾಡ, ಅದರಲ್ಲಿ ಎಲ್ಲ ಜಾತಿಯ ಹುಡುಗರಿಗೂ ದಂಡೆ, ಬಸ್ಕಿ, ಪಟ್ಟು ಹೇಳಿಕೊಟ್ಟ ಮನುಷ್ಯ. ಮಗ ಇಂಜಿನಿಯರಿಂಗ್ ಓದಿ ಗೊಂಬೆ ಬರೆಯುವ ಕೆಲಸಕ್ಕೆ ಸೇರಿದ್ದು ಅವರ ಗಂಟಲಲ್ಲಿ ಇಳಿದಿರಲಿಲ್ಲ. ಬೈದಿರಲಿಲ್ಲ, ಜಗಳವಾಡಿರಲಿಲ್ಲ, ಆ ವಿಷಯವನ್ನೇ ಎತ್ತುತ್ತಿರಲಿಲ್ಲ, ಅಷ್ಟೆ. ಫೋನಿನಲ್ಲಿ ಚಳಿ ಹೇಗಿದೆ, ಕಾರು ಹೇಗಿದೆ, ಮಾಂಸ ಎಲ್ಲಿ ಸಿಗುತ್ತದೆ, ಎಲ್ಲವನ್ನೂ ಕೇಳುತ್ತಿದ್ದರು. ಕೆಲಸದ ಬಗ್ಗೆ ಒಂದು ಮಾತಿಲ್ಲ. ಈಗ ಮೊಮ್ಮಗನನ್ನು ನೋಡಲೆಂದು ಫ್ರೀಮಾಂಟಿನ ಇಮ್ತಿಯಾಜನ ಅಪಾರ್ಟ್‌ಮೆಂಟಿಗೇ ಬಂದಿದ್ದರು. ಅಲ್ಲಿಯೂ ಅದೇ ಮೌನ. ಬೆಳಿಗ್ಗೆ ಮಗ ಆಫೀಸಿಗೆ ಹೊರಟರೆ ಟಿವಿಯಲ್ಲಿ ಹವಾಮಾನ ನೋಡುತ್ತಾ ಕೂತಿರುತ್ತಿದ್ದರಂತೆ.

“ಒಂದೇ ಒಂದ್ ಸಲ ಕೇಳ್ಲಿ ಗುರು,” ಎನ್ನುತ್ತಿದ್ದ ಇಮ್ತಿಯಾಜ್. “ಏನೋ ಮಾಡ್ತೀಯ ಅಲ್ಲಿ ಕೂತ್ಕೊಂಡು ಅಂತ. ಬೈಕೊಂಡಾದ್ರೂ ಕೇಳ್ಲಿ. ಹವಾಮಾನದ ಮೇಲಿರೋ ಅಕ್ಕರೆ ನನ್ಮೇಲೆ ಇಲ್ವಲ್ಲ ಇವ್ರಿಗೆ.”

ಆದ್ದರಿಂದ ಅವನು ಹ್ಯಾಂಕನ ಹಾವು, ಹುಲಿ, ಚಾಪೆಗಳನ್ನು ಗೋಡೆಯಿಂದ ಕಿತ್ತು, ಆ ಜಾಗದಲ್ಲಿ ಒಬ್ಬ ಪೈಲ್ವಾನನನ್ನು ಬರೆದು ಅಂಟಿಸಿದ. ಕೆಂಪು ಲಂಗೋಟಿ, ಮೈಗೆ ಮಣ್ಣು, ಮುದುಡಿದ ಕಿವಿ, ಬೇರೇನೂ ಇಲ್ಲ. ಹ್ಯಾಂಕ್ ಅದನ್ನು ಬಹಳ ಹೊತ್ತು ನೋಡಿ, ಹುಲಿ ಇಲ್ಲದಿದ್ದರೂ ನಡೆದೀತು ಎಂದು ನಿಟ್ಟುಸಿರುಬಿಟ್ಟ. ‘ಪೈಲ್ವಾನ್’ ಎಂಬ ಹೆಸರು ಅವನ ಬಾಯಿಯಲ್ಲಿ ಒಡೆದು ಎರಡು ತುಂಡಾಗಿ, ತೆರೆಯ ಮೇಲೂ ‘ಪೈಲ್ ವ್ಯಾನ್’ ಎಂದೇ ಅಚ್ಚಾಯಿತು. ಸಾಮಾನು ಸಾಗಿಸುವ ಗಾಡಿ ಯಾಕೆ ಕುಸ್ತಿ ಆಡುತ್ತದೆ ಎಂದು ಆಮೇಲೆ ಹಲವರು ಕೇಳಿದ್ದುಂಟು.

ಆ ಆಟಗಳನ್ನು ಮಾಡುತ್ತಿದ್ದ ರೀತಿ ಹೀಗೆ: ನಿಜವಾದ ಮನುಷ್ಯನೊಬ್ಬನನ್ನು ನೀಲಿ ಪರದೆಯ ಮುಂದೆ ನಿಲ್ಲಿಸಿ, ಗುದ್ದಿಸಿ, ಒದೆಸಿ, ಬೀಳಿಸಿ ಚಿತ್ರೀಕರಿಸುವುದು; ಅದನ್ನು ಬಿಡಿಬಿಡಿ ಚಿತ್ರಗಳಾಗಿ ಕತ್ತರಿಸಿ, ಒಂದೊಂದಕ್ಕೂ ಬಣ್ಣ ತೀಡಿ ಆಟದೊಳಗೆ ಇಳಿಸುವುದು. ಬೇರೆ ಜಟ್ಟಿಗಳಿಗೆಲ್ಲ ಜಿಮ್ಮಿನ ಹುಡುಗರು ಬಂದರು. ಪೈಲ್ವಾನನ ಸರದಿ ಬರುವ ಹೊತ್ತಿಗೆ ದುಡ್ಡು ಮುಗಿದಿತ್ತು. ಹ್ಯಾಂಕ್ ಗೋದಾಮಿನ ಉದ್ದಕ್ಕೂ ಒಮ್ಮೆ ಕಣ್ಣಾಡಿಸಿ ನನ್ನ ಮೇಲೆ ನಿಲ್ಲಿಸಿದ.

“ನೀನು ಇಂಡಿಯನ್ ಅಲ್ವಾ? ಯೋಗ ಗೊತ್ತಿರಬೇಕಲ್ಲ?”

ನನಗೆ ಗೊತ್ತಿದ್ದ ಒಂದೇ ಯೋಗವೆಂದರೆ ಊಟವಾದ ಮೇಲೆ ಅಂಗಾತ ಮಲಗುವುದು. ಆದರೂ ನೋಡಿ, ಒಡೆಯ ಕೇಳಿದ ಎಂದು ಒಪ್ಪಿಕೊಂಡೆ. ಎದೆಯನ್ನು ಇಮ್ತಿಯಾಜ್ ಬಣ್ಣದಲ್ಲಿ ಅಗಲಿಸುತ್ತೇನೆ ಎಂದು ಮಾತುಕೊಟ್ಟ. ಹೊಟ್ಟೆಯ ಬಗ್ಗೆ ಮಾತುಕೊಡಲಿಲ್ಲ. ಮೈಗೆ ಬಳಿಯಲು ಕೆಮ್ಮಣ್ಣು ಹೇವರ್ಡಿನಲ್ಲಿ ಎಲ್ಲಿಂದ ತರುವುದು? ಹ್ಯಾಂಕ್ ಒಂದು ಡಬ್ಬಿ ಕೋಕೋ ಪುಡಿ ತಂದ. ಆ ಸಂಜೆ ಮನೆಗೆ ಹೋದಾಗ ಶೈಲಾ ಬಾಗಿಲಲ್ಲೇ ತಡೆದು ಮೂಸಿದಳು.

“ಮೈಯೆಲ್ಲಾ ಚಾಕ್ಲೇಟ್ ವಾಸನಿ ಬರಾಕತ್ತದ. ಎಲ್ಲಿ ಹೋಗಿದ್ರಿ?”

“ಆಫೀಸಿನಾಗ ಇದ್ದೆ.”

“ಆಫೀಸಿನಾಗ ಏನ್ ಮಾಡಾಕತ್ತಿದ್ರಿ?”

“ಲಂಗೋಟಿ ಹಾಕ್ಕೊಂಡು ಇಮ್ತಿಯಾಜನ್ನ ಒದೀತಿದ್ದೆ.”

ಅವಳು ಇನ್ನೊಮ್ಮೆ ಮೂಸಿದಳು. “ನಮ್ಮ ಅಪ್ಪಾ ಕೇಳಿದ್ರ ಗ್ರಾಫಿಕ್ಸ್ ಅಂತ ಹೇಳ್ರಿ,” ಎಂದು ಒಳಗೆ ಹೋದಳು.

ಒದೆಯುವುದೇ ದೊಡ್ಡ ಫಜೀತಿಯಾದದ್ದು. ಕುಸ್ತಿಯಲ್ಲಿ ಪೈಲ್ವಾನ ಒದೆಯುವುದಿಲ್ಲ. ಹಿಡಿಯುತ್ತಾನೆ, ಎತ್ತುತ್ತಾನೆ, ಚಿತ್ ಮಾಡುತ್ತಾನೆ. ಇಮ್ತಿಯಾಜ್ ಇದನ್ನು ಹ್ಯಾಂಕನಿಗೆ ಎಷ್ಟು ವಿಧದಲ್ಲಿ ಹೇಳಿ ನೋಡಿದ! ಹ್ಯಾಂಕ್ ಅವನ ಹೆಗಲ ಮೇಲೆ ಕೈಹಾಕಿ ಮರದ ಪೆಟ್ಟಿಗೆಯ ಹತ್ತಿರ ಕರೆದೊಯ್ದು, ಒತ್ತುವ ಗುಂಡಿಗಳಿಗೆಂದು ಅದರಲ್ಲಿ ಕೊರೆದಿದ್ದ ತೂತುಗಳನ್ನು ತೋರಿಸಿದ. ಮೇಲಿನ ಸಾಲು ಗುದ್ದುವುದಕ್ಕೆ, ಕೆಳಗಿನ ಸಾಲು ಒದೆಯುವುದಕ್ಕೆ. “ತೂತು ಕೊರೆದಾಗಿದೆ,” ಎಂದ. ಅಲ್ಲಿಗೆ ನಮ್ಮ ಮೈಸೂರಿನ ಇಡೀ ಮಲ್ಲವಿದ್ಯೆ ಒಬ್ಬ ಬಡಗಿಯ ಬೈರಿಗೆಗೆ ಸೋತಿತು.

“ಅಬ್ಬಾ ನೋಡಿದ್ರೆ ನನ್ ಚರ್ಮ ಸುಲೀತಾರೆ ಕಣೋ,” ಎಂದ ಇಮ್ತಿಯಾಜ್. “ಒದ್ದೋನ್ನ ಗರಡಿಯಿಂದ ಆಚೆ ಹಾಕ್ತಾರೆ ಅವ್ರು.”

ಹಾಗೆಂದುಕೊಂಡೇ ಹೊಟ್ಟೆಗೆ ಸೋಫಾ ದಿಂಬು ಕಟ್ಟಿಕೊಂಡು ನನ್ನ ಎದುರು ನಿಂತ. ಒದ್ದ ಕಾಲು ಎಲ್ಲಾದರೂ ತಾಗಿ ನಿಲ್ಲಬೇಕಲ್ಲ, ಅದಕ್ಕೆ. ಕ್ಯಾಮೆರಾ ಹೊರಟಿತು. ನಾನು ಒದ್ದೆ. ಕಾಲು ತಗುಲಿತು. ತಗುಲಿದ್ದೇ ತಡ, ಬಗ್ಗಿದೆ, ಅವನ ತೋಳು ಮುಟ್ಟಿದೆ, ಕಣ್ಣಿಗೊತ್ತಿಕೊಂಡೆ.

“ಕಟ್!” ಎಂದ ಹ್ಯಾಂಕ್.

ಮತ್ತೆ ಒದ್ದೆ. ಮತ್ತೆ ಕಣ್ಣಿಗೊತ್ತಿಕೊಂಡೆ.

“ಗುರು, ಒದ್ದು ಸುಮ್ನೆ ನಿಂತ್ಕೊಳಪ್ಪಾ,” ಎಂದ ಇಮ್ತಿಯಾಜ್.

“ನಿಂದರ್ತೀನಿ ತಡಿಯಲೇ.”

ನಿಲ್ಲಲಾಗಲಿಲ್ಲ. ಕೈಗಳನ್ನು ಹಿಂದಕ್ಕೆ ಕಟ್ಟಿ ನೋಡಿದರು. ಬಗ್ಗಿ ತಲೆಯನ್ನೇ ಅವನ ತೋಳಿಗೆ ತಾಗಿಸಿದೆನಂತೆ. ಇಮ್ತಿಯಾಜನನ್ನು ಬಿಟ್ಟು ಹ್ಯಾಂಕನೇ ದಿಂಬು ಕಟ್ಟಿಕೊಂಡು ನಿಂತ. ಒಡೆಯನನ್ನು ಒದ್ದೆನಲ್ಲ ಎಂದು ಎರಡೆರಡು ಸಲ ಕಣ್ಣಿಗೊತ್ತಿಕೊಂಡೆ. ಕೊನೆಗೆ ಹ್ಯಾಂಕ್ ನೆಲದ ಮೇಲೆ ಕೂತು ಗಡ್ಡ ಕೆರೆದುಕೊಳ್ಳುತ್ತಾ ಕೇಳಿದ, “ಅದೇನು, ಅವನು ಪ್ರತಿಸಲ ಮಾಡುತ್ತಾನಲ್ಲ, ಅದು?”

ಇಮ್ತಿಯಾಜನ ಮುಖದಲ್ಲಿ ಏನೋ ಹೊಳೆದದ್ದು ನನಗೆ ಕಂಡಿತು. ಒದೆಯುವ ಪೈಲ್ವಾನನಿಗೆ ಮರ್ಯಾದೆ ಉಳಿಯುವ ದಾರಿ ಅದೊಂದೇ ಇತ್ತು. ಒದ್ದರೆ ಒದೆಯಲಿ, ಒದ್ದದ್ದಕ್ಕೆ ತಪ್ಪಾಯಿತು ಎಂದಾದರೂ ಹೇಳಲಿ. ಆದರೆ ಹೊಡೆದಾಟದ ಆಟದಲ್ಲಿ ಒಬ್ಬ ಕ್ಷಮೆ ಕೇಳುತ್ತಾನೆ ಎಂದರೆ ಹ್ಯಾಂಕ್ ಒಪ್ಪುತ್ತಾನೆಯೇ? “ಅದು ಶಕ್ತಿ,” ಎಂದುಬಿಟ್ಟ ಇಮ್ತಿಯಾಜ್. “ಎದುರಾಳಿಯ ಶಕ್ತಿಯನ್ನು ಕಣ್ಣಿನ ಮೂಲಕ ಎಳೆದುಕೊಳ್ಳುತ್ತಾನೆ. ತುಂಬಾ ಹಳೆಯ ವಿದ್ಯೆ.” ಹ್ಯಾಂಕ್ ಕೂತಲ್ಲಿಂದ ಎದ್ದುನಿಂತ. ಅವನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಮರುದಿನವೇ ಆ ಚಿತ್ರಗಳಿಗೆ ನೀಲಿ ಬೆಳಕು ಹಚ್ಚಿಸಿದ.

ಆಟ ತಯಾರಾದಮೇಲೆ, ಎಲ್ಲ ಕಡೆಗೂ ಕಳಿಸುವ ಮೊದಲು ಒಂದು ಪೆಟ್ಟಿಗೆಯನ್ನು ಸ್ಯಾನ್ ಫ್ರಾನ್ಸಿಸ್ಕೋದ ಒಂದು ಆರ್ಕೇಡಿನಲ್ಲಿ ಇಟ್ಟು ಜನ ಆಡುತ್ತಾರೋ ಇಲ್ಲವೋ ನೋಡುವುದು ಪದ್ಧತಿ. ನಾನೂ ಇಮ್ತಿಯಾಜನೂ ಮೂಲೆಯಲ್ಲಿ ನಿಂತು, ಹೆಣ್ಣು ನೋಡಲು ಬಂದವರ ಎದುರು ಹೆಣ್ಣಿನ ಅಪ್ಪ ಕೂತಹಾಗೆ, ಬೆವರುತ್ತಾ ನೋಡುತ್ತಿದ್ದೆವು. ಪೈಲ್ವಾನ ಒದ್ದ. ನೀಲಿ ಬೆಳಕಿನಲ್ಲಿ ಬಗ್ಗಿದ. ಅವನು ಕಣ್ಣಿಗೊತ್ತಿಕೊಂಡು ಮುಗಿಸುವಷ್ಟರಲ್ಲಿ ಎದುರಿನವನು ಅವನಿಗೆ ಬೇಕಾದಷ್ಟು ಬಾರಿಸಿದ್ದ. ನನ್ನ ಪಿ.ಟಿ. ಮಾಸ್ತರರು ಇದ್ದಿದ್ದರೆ ಮತ್ತೆ ತಲೆ ಚಚ್ಚಿಕೊಳ್ಳುತ್ತಿದ್ದರು. ಎರಡೇ ದಿನದಲ್ಲಿ ಹುಡುಗರು ಅವನಿಗೆ ‘ಸಾರಿ ಗೈ’ ಎಂದು ಹೆಸರಿಟ್ಟರು. ಹ್ಯಾಂಕ್ ಅಷ್ಟೆಲ್ಲ ನೀಲಿ ಬೆಳಕು ಹಚ್ಚಿದ್ದರೂ, ಶಕ್ತಿ ಗಿಕ್ತಿ ಏನಿಲ್ಲ, ಪಾಪದವನು ಕ್ಷಮೆ ಕೇಳುತ್ತಿದ್ದಾನೆ ಎಂಬುದು ಆ ಹುಡುಗರಿಗೆ ಯಾರೂ ಹೇಳದೆ ತಿಳಿಯಿತು. ಅವನು ಬಗ್ಗಿದಾಗಲೆಲ್ಲ ಸುತ್ತ ನಿಂತವರು ಒಟ್ಟಾಗಿ “ಸಾ...ರಿ!” ಎಂದು ಕೂಗುವರು. ಇಂಟರ್‌ನೆಟ್ಟಿನಲ್ಲಿ ಒಬ್ಬ ಮಹಾಶಯ ಮಾತ್ರ ಅದು ತಂತ್ರಶಾಸ್ತ್ರದ ಮುದ್ರೆಯೆಂದು ಪುಟಗಟ್ಟಲೆ ಬರೆದ. ಇನ್ನೊಬ್ಬ, ಈ ಪಾತ್ರವನ್ನು ಮಾಡಿದವನಿಗೆ ಬುದ್ಧಿ ನೆಟ್ಟಗಿಲ್ಲವೆಂದು ಒಂದೇ ಸಾಲಿನಲ್ಲಿ ಬರೆದ. ಇಮ್ತಿಯಾಜ್ ಎರಡನ್ನೂ ಪ್ರಿಂಟು ತೆಗೆದುಕೊಂಡ.

ಹ್ಯಾಂಕನಿಗೆ ನಗು ಬರಲಿಲ್ಲ. ಹೂಡಿಕೆದಾರರು ಲೆಕ್ಕ ನೋಡಲು ಬರುವವರಿದ್ದರು. ಗೆಲ್ಲಲಾಗದ ಜಟ್ಟಿ ಆಟಕ್ಕೆ ಕಳಂಕವೆಂದು, ಶುಕ್ರವಾರ ನನ್ನನ್ನು ಕರೆದು, ಆ ಬಗ್ಗುವುದನ್ನು ಕಿತ್ತುಹಾಕು ಎಂದ.

“ಸೋಮವಾರ ತೆಗೀಲಿ ಹ್ಯಾಂಕ್,” ಎಂದ ಇಮ್ತಿಯಾಜ್. “ಭಾನುವಾರ ನನ್ನ ತಂದೆಯನ್ನು ಕರೆದುಕೊಂಡು ಹೋಗ್ತಿದ್ದೇನೆ. ಅವರೊಬ್ಬರು ನೋಡಿಬಿಡಲಿ.”

ಹ್ಯಾಂಕ್ ಒಪ್ಪಲಿಲ್ಲ. ಆರ್ಕೇಡಿಗೆ ಹೋಗಿ ಕಿತ್ತುಹಾಕಿದವನು ನಾನೇ. ಕೆಲಸವೇನೂ ಕಷ್ಟದ್ದಲ್ಲ, ನನ್ನ ನಮಸ್ಕಾರದ ಚಿತ್ರಗಳನ್ನು ತೋರಿಸಬೇಡ ಎಂದು ಯಂತ್ರಕ್ಕೆ ಹೇಳಿದರಾಯಿತು. ಪೈಲ್ವಾನ ಒದ್ದು, ಏನೂ ಆಗಿಲ್ಲವೆಂಬಂತೆ ಎದೆ ಸೆಟೆದು ನಿಂತ. ನೋಡಿ ನನಗೇ ಮೈ ಉರಿಯಿತು. ನನ್ನ ಮುಖ, ನನ್ನ ಹೊಟ್ಟೆ, ಆದರೆ ಇಂಥ ಸಂಸ್ಕಾರಗೇಡಿ ನಮ್ಮ ಮನೆತನದಲ್ಲಿ ಯಾರೂ ಹುಟ್ಟಿರಲಿಲ್ಲ.

ಭಾನುವಾರ ಅಬ್ಬಾ ಬಂದರು. ಎತ್ತರದ ಆಳು, ಬಿಳಿ ಜುಬ್ಬಾದ ಮೇಲೆ ಮಗನ ಸ್ವೆಟರು, ತಲೆಗೆ ಟೋಪಿ, ಮುದುಡಿದ ಕಿವಿ. ಅಷ್ಟು ಗದ್ದಲದ ಆರ್ಕೇಡಿನೊಳಗೆ ಅವರು ಮಸೀದಿಗೆ ಹೋಗುವವರಂತೆ ನಿಧಾನವಾಗಿ ನಡೆದು ಬಂದರು. ನಾನಿದ್ದೇನೆಂದು ಮಗನೊಡನೆಯೂ ಕನ್ನಡದಲ್ಲೇ ಮಾತಾಡಿದರು. ಟೋಪಿ ಉಲ್ಟಾ ಹಾಕಿಕೊಂಡ ಒಬ್ಬ ಹುಡುಗ ಪೈಲ್ವಾನನನ್ನೇ ಆರಿಸಿಕೊಂಡು ಆಡುತ್ತಿದ್ದ. ಪಕ್ಕದಲ್ಲಿ ಒಬ್ಬ ಹುಡುಗಿ ಅವನ ಎದುರಾಳಿ.

ಅಬ್ಬಾ ತೆರೆಯನ್ನು ನೋಡಿದರು. “ತೊಡೆ ಸರಿಯಾಗಿದೆ,” ಎಂದರು. ಆಮೇಲೆ ನನ್ನ ಕಡೆ ತಿರುಗಿ, ತೆರೆಯ ಕಡೆ ತಿರುಗಿ, ಮತ್ತೆ ನನ್ನ ಕಡೆ ತಿರುಗಿ, “ಹೊಟ್ಟೆ ನಿಮ್ದಾ?” ಎಂದರು.

“ಹೌದ್ರೀ ಚಾಚಾ.”

ಅಷ್ಟರಲ್ಲಿ ಪೈಲ್ವಾನ ಒದ್ದ.

“ಒದ್ದ?” ಎಂದರು ಅಬ್ಬಾ. ಜೋರಾಗಿ ಅಲ್ಲ. ಇಮ್ತಿಯಾಜ್ ಗುಂಡಿಗಳ ವಿಷಯ ಹೇಳಲು ಬಾಯಿ ತೆರೆದ, ಅವರು ಕೈ ಎತ್ತಿದರು, ಅವನು ಬಾಯಿ ಮುಚ್ಚಿದ. ಮಗುವಿನ ಅಪ್ಪನಾದ ಆ ಮನುಷ್ಯ ಅಲ್ಲಿ ಅಂಕಪಟ್ಟಿ ಹಿಡಿದ ಹುಡುಗನಾಗಿ ನಿಂತುಬಿಟ್ಟ.

ಆಗ ಸುತ್ತ ನಿಂತ ಹುಡುಗರು ಗಲಾಟೆ ಎಬ್ಬಿಸಿದರು. ಒದ್ದಾಯಿತು, ಸಾರಿ ಎಲ್ಲಿ? ಸಾರಿ ಯಾಕೆ ಬರಲಿಲ್ಲ? ಕೆಟ್ಟುಹೋಗಿದೆಯಾ? ಒಬ್ಬ ಪೆಟ್ಟಿಗೆಗೆ ಗುದ್ದಿಯೂ ಗುದ್ದಿದ. ಉಲ್ಟಾ ಟೋಪಿಯ ಹುಡುಗ ಇನ್ನೊಮ್ಮೆ ಒದ್ದು ನೋಡಿದ. ಪೈಲ್ವಾನ ಸೆಟೆದೇ ನಿಂತ. ಆಗ ಆ ಹುಡುಗ ಏನು ಮಾಡಿದ ಗೊತ್ತೇ? ಪೆಟ್ಟಿಗೆಯ ಹಿಡಿಕೆ ಬಿಟ್ಟ, ಪಕ್ಕಕ್ಕೆ ಬಗ್ಗಿ ಹುಡುಗಿಯ ಮೊಣಕೈ ಮುಟ್ಟಿದ, ಆ ಕೈಯನ್ನು ತನ್ನ ಎರಡು ಕಣ್ಣುಗಳಿಗೂ ಒತ್ತಿಕೊಂಡ. ಎಲ್ಲರೂ “ಸಾ...ರಿ!” ಎಂದು ಕೂಗಿದರು. ಆ ಸಂದಿನಲ್ಲಿ ಹುಡುಗಿ ಅವನ ಪೈಲ್ವಾನನನ್ನು ಬಡಿದು ಮಲಗಿಸಿದಳು. ಮುಂದಿನ ಸುತ್ತಿನಲ್ಲಿ ಪೈಲ್ವಾನನನ್ನು ಅವಳು ತೆಗೆದುಕೊಂಡಳು. ಒದ್ದಾಗಲೆಲ್ಲ ಅವಳೂ ಹಾಗೇ ಮಾಡಿದಳು, ಅವಳೂ ಹಾಗೇ ಸೋತಳು.

ಹುಡುಗಾಟವೇ ಅದು, ನನಗೇನು ಭ್ರಮೆಯಿಲ್ಲ. ಆದರೆ ಅಬ್ಬಾ ಕದಲದೆ ನೋಡುತ್ತಿದ್ದರು.

“ಇದನ್ನ ಇವ್ರಿಗೆ ಯಾರು ಹೇಳ್ಕೊಟ್ಟಿದ್ದು?” ಎಂದರು ಕೊನೆಗೆ.

“ನಿಮ್ಮ ಮಗಾ ರೀ ಚಾಚಾ,” ಎಂದೆ ನಾನು.

ಅವರು ಏನೂ ಹೇಳಲಿಲ್ಲ. ಬೇ ಬ್ರಿಡ್ಜ್ ದಾಟಿದೆವು, ಏನೂ ಇಲ್ಲ. ಓಕ್‌ಲ್ಯಾಂಡ್ ದಾಟಿದೆವು, ಫ್ರೀವೇಯ ತುಂಬ ಕಾರುಗಳು, ಹೇವರ್ಡ್ ಹತ್ತಿರ ಬಂತು, ಏನೂ ಇಲ್ಲ. ಇಮ್ತಿಯಾಜ್ ಸುಮ್ಮಸುಮ್ಮನೆ ಲೇನ್ ಬದಲಿಸುತ್ತಿದ್ದ. ಆಮೇಲೆ ಕಿಟಕಿಯ ಹೊರಗೆ ನೋಡುತ್ತಲೇ ಅಬ್ಬಾ ಹೇಳಿದರು: “ನಿನ್ ಪೈಲ್ವಾನ ಮಣ್ಣು ಮುಟ್ದೇನೇ ಅಖಾಡಕ್ಕಿಳಿದ.”

“ಹಾಂ, ಅಬ್ಬಾ?”

“ಇಳಿಯೋಕ್ ಮುಂಚೆ ಮಣ್ಣು ಮುಟ್ಟಿ ಕಣ್ಗೊತ್ಕೋಬೇಕು. ನಿಂಗೆ ಗೊತ್ತಿಲ್ವಾ? ಮುಟ್ಟಿಸು.”

ಅಷ್ಟೇ. ಇಮ್ತಿಯಾಜ್ ನನ್ನನ್ನು ಇಳಿಸಬೇಕಾದ ಎಕ್ಸಿಟ್ ತಪ್ಪಿಸಿಕೊಂಡು ಎರಡು ಎಕ್ಸಿಟ್ ಮುಂದೆ ಹೋದ. ನಾನೂ ನೆನಪಿಸಲಿಲ್ಲ.

ಸೋಮವಾರ ಬೆಳಿಗ್ಗೆ ಹ್ಯಾಂಕ್ ಎಲ್ಲರನ್ನೂ ಕರೆದು ನಿಲ್ಲಿಸಿದ. ಪೆಟ್ಟಿಗೆಯಲ್ಲಿ ಚಿಲ್ಲರೆ ಭರ್ತಿ ಬಿದ್ದಿದೆ, ಆರ್ಕೇಡಿನವರು ಇನ್ನೂ ಬೇಕೆನ್ನುತ್ತಿದ್ದಾರೆ, ಆಟ ಗೆದ್ದಿದೆ ಎಂದ. ನಾವು ಚಪ್ಪಾಳೆ ತಟ್ಟಿದೆವು. ಅವನು ಚಪ್ಪಾಳೆ ನಿಲ್ಲುವವರೆಗೆ ನೆಲ ನೋಡುತ್ತಿದ್ದು, ಮುಂದಿನದನ್ನು ಹೇಳಿದ. ಹೂಡಿಕೆದಾರರಿಗೆ ಕಟ್ಟಿಗೆಯ ಮೇಲೆ ನಂಬಿಕೆಯಿಲ್ಲ. ಕಂಪನಿ ಇವತ್ತಿನಿಂದ ಇಂಟರ್‌ನೆಟ್ಟಿನಲ್ಲಿ ಅಕ್ವೇರಿಯಂ ಮೀನು ಮಾರುತ್ತದೆ. ಮೀನನ್ನು ಅಂಚೆಯಲ್ಲಿ ಹೇಗೆ ಕಳಿಸುತ್ತೀರಿ ಎಂದು ಯಾರೋ ಕೇಳಿದರು. ಅದು ಮುಂದಿನ ಹಂತ ಎಂದ. ಇಷ್ಟವಿದ್ದವರು ಉಳಿಯಬಹುದು. ಇಮ್ತಿಯಾಜ್ ಬೇಕಾದರೆ ಮೀನುಗಳನ್ನು ಬರೆಯಬಹುದು. ಆಗಲೇ ತಯಾರಾಗಿದ್ದ ಒಂದಷ್ಟು ಪೆಟ್ಟಿಗೆಗಳು ಶುಕ್ರವಾರದ ಆ ತಿದ್ದುಪಡಿಯೊಂದಿಗೇ ಎಲ್ಲೆಲ್ಲಿಗೋ ಹೋದವು. ಅವುಗಳಲ್ಲಿ ಪೈಲ್ವಾನ ಇಂದಿಗೂ ಒದ್ದು ಸೆಟೆದು ನಿಲ್ಲುತ್ತಾನೆ. ಎಲ್ಲಾದರೂ ಕಂಡರೆ ಅದು ನಾನಲ್ಲ ಎಂದು ತಿಳಿಯಿರಿ.

ಮಧ್ಯಾಹ್ನದ ಹೊತ್ತಿಗೆ ಲಾರಿಯವರು ಬಂದು ಮೇಜು ಕುರ್ಚಿಗಳನ್ನು ಹೊರಲು ಶುರುಮಾಡಿದರು. ಇಮ್ತಿಯಾಜ್ ಮಾತ್ರ ತನ್ನ ಕಂಪ್ಯೂಟರಿನ ಮುಂದೆ ಕೂತು, ನನ್ನ ಹಳೆಯ ಚಿತ್ರಗಳನ್ನು ಕತ್ತರಿಸಿ ಜೋಡಿಸುತ್ತಾ, ಪೈಲ್ವಾನನ ಕೈಯನ್ನು ನೆಲದವರೆಗೆ ಎಳೆಯುತ್ತಿದ್ದ.

“ಲೇ, ಯಾರಿಗೋಸ್ಕರನಲೇ ಇದು? ಆಟ ಮುಚ್ಚಿದ್ರಲ್ಲ!”

“ಆಟ ಮುಚ್ಚೋಯ್ತು ಗುರು,” ಎಂದ ತಲೆಯೆತ್ತದೆ. “ಅಬ್ಬಾ ಹೇಳಿದ್ ಕೆಲ್ಸ ಮುಚ್ಚೋಯ್ತಾ?”

ನಾನು ಪಕ್ಕದಲ್ಲಿ ಕೂತೆ. ಅವನು ಬರೆದದ್ದನ್ನು ಒಂದೊಂದಾಗಿ ಒಳಗೆ ಇಳಿಸಿದೆ. ಗೋದಾಮಿನಲ್ಲಿ ಉಳಿದಿದ್ದ ಒಂದೇ ಪೆಟ್ಟಿಗೆಯನ್ನು ಲಾರಿಯವರು ಎತ್ತಲು ಬಂದಾಗ ಕೈಮುಗಿದು ತಡೆದು, ವೈರು ಸಿಕ್ಕಿಸಿ ಓಡಿಸಿದೆ. ಪೈಲ್ವಾನ ಅಖಾಡದ ಅಂಚಿಗೆ ಬಂದ, ಬಗ್ಗಿದ, ಮಣ್ಣು ಮುಟ್ಟಿದ, ಕಣ್ಣಿಗೊತ್ತಿಕೊಂಡ, ಎದ್ದುನಿಂತ. ಇಮ್ತಿಯಾಜ್ ಮೇಜಿನ ಫೋನಿನಲ್ಲಿ ಮನೆಗೆ ಕರೆಮಾಡಿ ಸ್ಪೀಕರ್ ಒತ್ತಿದ.

“ಅಬ್ಬಾ, ಪ್ರಹ್ಲಾದ್ ಪಕ್ಕದಲ್ಲೇ ಇದ್ದಾನೆ. ಮಣ್ಣು ಮುಟ್ಟಿಸ್ದೆ.”

ಆ ಕಡೆ ಮಗು ಅಳುತ್ತಿತ್ತು, ಅಬ್ಬಾ ಅದನ್ನು ಸಮಾಧಾನಪಡಿಸಿದರು. ಆಮೇಲೆ ಕೇಳಿದರು: “ಯಾವ್ ಕೈಲಿ?”

ಇಬ್ಬರೂ ತೆರೆ ನೋಡಿದೆವು. ಪೈಲ್ವಾನ ತೆರೆಯ ಬಲಗಡೆ ನಿಂತಿದ್ದ. ಬಲಗಡೆ ನಿಂತ ಜಟ್ಟಿಗೆ ಬೇರೆ ಚಿತ್ರ ಬರೆಯುವುದಿಲ್ಲ. ಎಡಗಡೆಯ ಚಿತ್ರವನ್ನೇ ಯಂತ್ರ ಕನ್ನಡಿಯ ಹಾಗೆ ತಿರುಗಿಸಿ ತೋರಿಸುತ್ತದೆ. ಬಲಗೈ ಎಡಗೈಯಾಗಿತ್ತು.

ಬಲಗೈಲಿ ಎಂದುಬಿಟ್ಟಿದ್ದರೆ ಯಾರಿಗೆ ತಿಳಿಯುತ್ತಿತ್ತು? ಆ ಪೆಟ್ಟಿಗೆಯನ್ನು ಅಬ್ಬಾ ನೋಡುವವರಲ್ಲ, ಯಾರೂ ನೋಡುವವರಲ್ಲ. ಇಮ್ತಿಯಾಜ್ ನನ್ನ ಮುಖ ನೋಡಿದ.

“ಎಡಗೈ ಆಗ್ಬಿಟ್ಟಿದೆ ಅಬ್ಬಾ,” ಎಂದ. “ಐದ್ ನಿಮಿಷ.”

“ಹೂಂ. ಹಿಡ್ಕೊಂಡಿರ್ತೀನಿ,” ಎಂದರು ಅವರು.

ಕೂರಲೆಂದು ಹಿಂದಕ್ಕೆ ಕೈಚಾಚಿದೆ. ಕುರ್ಚಿಯನ್ನು ಯಾರೋ ಆಗಲೇ ಒಯ್ದಿದ್ದರು. ನಿಂತುಕೊಂಡೇ ಬರೆದೆ.